ಭಾವನ ಆಲ್ಬಮ್ಮೂ ಅಡಿಕೆ ಹಾಳೆಯೂ

ನಮ್ಮ ಶಿರಸಿ ಕಡೆ ಹಾಡೋರಿಗೆ ಬರ ಇಲ್ಲ, ತಬಲಾ ಬಾರ್ಸೋರೂ ಸಿಗ್ತಾರೆ, ಭಾಗವತಿಕೆ ಬರೋರಂತೂ ಕೇರಿಗೊಬ್ರು. ಆದ್ರೆ ಕಂಪ್ಯೂಟರಲ್ಲಿ ಡಿಸೈನ್ ಮಾಡೋನು ಇಡೀ ನೆಂಟರ ಬಳಗಕ್ಕೆ ನಾನೊಬ್ನೇ. ಹಂಗಾಗಿ ದಾಸರ ಪದಗಳನ್ನ ಹಿಂದೂಸ್ತಾನಿ ರಾಗದಲ್ಲಿ ಹಾಡಿ ಆಲ್ಬಮ್ ಮಾಡ್ತೇನೆ ಅಂತ ಭಾವ ಹೊರಟಾಗ ಮುಖಪುಟ ಯಾರು ಮಾಡ್ತಾರೆ ಅಂತ ಯಾರೂ ಕೇಳ್ಲಿಲ್ಲ, ದುಡ್ಡೆಷ್ಟು ಅಂತ ಮೊದ್ಲೇ ಕೇಳ್ಲಿಲ್ಲ.

ಸಿಡಿ ಕವರ್ ಅಂದ್ರೆ 12 ಸೆಂಟಿಮೀಟರ್ ಚೌಕ, ಅಷ್ಟೇ ಜಾಗ. ಬೆಳಗಿನ ಮಂಜಲ್ಲಿ ಅಡಿಕೆ ತೋಟ, ಒಂದು ತಂಬೂರಿ, ಕೆಳಗೆ ಹೆಸರು, ಮುಗೀತು ಅಂತ ನಾನು ಮಾಡಿಟ್ಟಿದ್ದೆ. ನಮ್ಮೋರ ಕಣ್ಣಿಗೆ ಅದು ಲಗ್ನಪತ್ರಿಕೆ, ಒಬ್ಬರ ಹೆಸರು ಬಿಟ್ರೂ ಮಾತು ಬಿಡ್ತಾರೆ. ಗುರುಗಳ ಫೋಟೊ ಮೇಲೆ ಎಡಕ್ಕೆ, ಕುಲದೇವರು ಬಲಕ್ಕೆ, ಮಾರಿಕಾಂಬೆ ಇಲ್ದೇ ಹೆಂಗಾಗ್ತದೆ ಅಂತ ಭಾವನ ಅಮ್ಮ, ಹಾರ್ಮೋನಿಯಮ್ಮಿನವರ ಹೆಸರು, ರೆಕಾರ್ಡಿಂಗ್ ದಿನ ಊಟ ಹಾಕಿದ ಮನೆಯೋರ ಹೆಸರು... ತಬಲಾದವ್ರು ಮಾತ್ರ ಬಾಯಿಬಿಟ್ಟು ಏನೂ ಹೇಳ್ಲಿಲ್ಲ, ಕೂಲಿಂಗ್ ಗ್ಲಾಸ್ ಹಾಕ್ಕೊಂಡಿರೋ ಫೋಟೊ ವಾಟ್ಸಾಪ್ ಮಾಡಿ "ಗಾಯಕರ ಸೈಜಿಗೇ ಇದ್ರೆ ಬ್ಯಾಲೆನ್ಸ್ ಆಗ್ತದೆ ನೋಡಿ" ಅಂತ ಬರೆದ್ರು.

ತಡೀಲಾರ್ದೇ ಒಂದು ಸಂಜೆ ಎಲ್ರನ್ನೂ ಜಗಲೀಲಿ ಕೂರಿಸಿ ಇತಿಹಾಸ ಹೇಳೋಕೆ ಶುರು ಮಾಡ್ದೆ. ಮೊದ್ಲೆಲ್ಲ ರೆಕಾರ್ಡು ಸಾದಾ ಕಂದು ಕಾಗದದ ಕವರಲ್ಲೇ ಬರ್ತಿತ್ತು, 1940ರ ಹೊತ್ತಿಗೆ ಅಮೆರಿಕದ ಕೊಲಂಬಿಯಾ ಕಂಪನೀಲಿದ್ದ ಅಲೆಕ್ಸ್ ಸ್ಟೈನ್‌ವೈಸ್ ಅನ್ನೋ ಹುಡುಗ ಅದ್ರ ಮೇಲೆ ಚಿತ್ರ ಹಾಕೋಣ ಅಂದ, ಮಾರಾಟ ಏರ್ತು, 1948ರಲ್ಲಿ ಎಲ್‌ಪಿ ಅನ್ನೋ ಹೆಚ್ಚು ಹೊತ್ತು ಓಡೋ ರೆಕಾರ್ಡು ಬಂತು, 12 ಇಂಚಿನ ದೊಡ್ಡ ಕವರು, ಅದ್ರಲ್ಲಿ ಏನು ಬೇಕಾದ್ರೂ ಹಿಡೀತಿತ್ತು, ಈಗ ನಮ್ಗಿರೋದು ಇಷ್ಟೇ ಜಾಗ ಅಂತೆಲ್ಲ. ಭಾವನ ಅಪ್ಪ ಕವಳ ಹಾಕ್ತಾ ಪೂರ್ತಿ ಕೇಳಿ, "ಹಂಗಾದ್ರೆ ಕಂದು ಕಾಗ್ದವೇ ಸಾಕಾಗಿತ್ತಲಾ, ಖರ್ಚೂ ಕಮ್ಮಿ" ಅಂದ್ರು.

ಅಲ್ಲಿಂದ್ಲೇ ಭಾವನ ತಲೇಲಿ ಹುಳ ಹೊಕ್ಕಿದ್ದು. "ಪ್ಲಾಸ್ಟಿಕ್ ಡಬ್ಬಿ ಬ್ಯಾಡ ಭಾವ, ತೋಟದಲ್ಲಿ ಅಡಿಕೆ ಮರದಿಂದ ಬಿದ್ದ ಹಾಳೆ ಬೇಕಾದಷ್ಟು ಇದ್ದು."

ಸುಳ್ಳು ಯಾಕೆ, ಐಡಿಯಾ ನಂಗೂ ಚಂದ ಕಾಣ್ತು. ಆದ್ರೆ ಹಾಳೆ ನೆನೆಸಿ ಬಿಸಿ ಅಚ್ಚಲ್ಲಿ ಒತ್ತೋ ಮಷಿನ್ ಇರೋರ ಹತ್ರ ಹೋದ್ರೆ ಅಲ್ಲಿ ಇದ್ದಿದ್ದೆಲ್ಲ ಊಟದ ತಟ್ಟೆ ಅಚ್ಚು, ದೊನ್ನೆ ಅಚ್ಚು. ಕೊನೆಗೆ ಹಾಳೇನ ಚಪ್ಪಟೆ ಮಾಡಿ ಚೌಕ ಕತ್ತರಿಸಿ ಮೂರು ಬದಿ ದಾರದಲ್ಲಿ ಹೊಲೆಸಿದ್ದಾಯ್ತು, ಮೇಲೆ ಸ್ಕ್ರೀನ್ ಪ್ರಿಂಟ್. ಹಾಳೇಲಿ ಉದ್ದುದ್ದ ನಾರಿನ ಗೆರೆ ಇರ್ತದಲ್ಲ, ಭಾವನ ಮೂಗು ಸರಿಯಾಗಿ ಒಂದು ಗೆರೆ ಮೇಲೇ ಬಿದ್ದು ಕಿವಿವರೆಗೂ ಹೋಯ್ತು. ಆದ್ರೂ ಏಪ್ರಿಲ್ ಬಿಸಿಲಲ್ಲಿ ನೋಡೋಕೆ ಅಡ್ಡಿಲ್ಲ ಅನ್ನೋ ಹಂಗಿತ್ತು.

ಒಳಗಿನ ಪುಸ್ತಕ ಹುಬ್ಬಳ್ಳೀಲಿ ಪ್ರಿಂಟಿಗೆ ಕೊಟ್ಟಿದ್ದು. ಪ್ರೆಸ್ಸಿನ ಹುಡುಗ ನನ್ನ ಪಿಡಿಎಫ್ ಬಿಟ್ಟು ಎಲ್ಲಾನೂ ಫೋಟೊಶಾಪಲ್ಲಿ ಹೊಸ್ದಾಗಿ ಪೇಸ್ಟ್ ಮಾಡಿದ್ದ. ಅದ್ರ ಸೆಟ್ಟಿಂಗಲ್ಲಿ ವರ್ಲ್ಡ್-ರೆಡಿ ಲೇಔಟ್ ಅಂತ ಒಂದಿರ್ತದೆ, ಅದು ಆನ್ ಇಲ್ದಿದ್ರೆ ಕನ್ನಡದ ಒತ್ತಕ್ಷರ ಎಲ್ಲಾ ಬಿಡಿಬಿಡಿಯಾಗಿ ನಿಂತ್ಬಿಡ್ತವೆ. ಪ್ರೂಫಲ್ಲಿ ರಾಗದ ಹೆಸರು "ಯಮನ್ ಕಲ್‌ಯಾಣ" ಅಂತ ಬಂತು. ಭಾವನ ಅಮ್ಮ ಕನ್ನಡಕ ಏರಿಸಿ ಓದಿ, "ಯಾಣದ ಕಲ್ಲ ಮೇಲೆ ಕೂತ್ಕಂಡು ಹಾಡಿದ್ನನಾ?" ಅಂತ ಕೇಳಿದ್ರು, ಪಾಪ, ತಮಾಷೆಗಲ್ಲ. ತೋಟದ ಹಸಿರಂತೂ ಸ್ಕ್ರೀನಲ್ಲಿ ಹೊಳೀತಿದ್ದಿದ್ದು ನಾಲ್ಕು ಬಣ್ಣದ ಇಂಕಿಗೆ ಇಳಿಯೋಷ್ಟರಲ್ಲಿ ಕೊಳೆರೋಗ ಬಂದಂಗೆ ಆಗಿತ್ತು, ಅದ್ಕೆ ಪ್ರೆಸ್ಸಿನೋರನ್ನ ಬೈಯೋದು ತಪ್ಪು, ಪರದೆ ಮೇಲಿನ ಆ ಹಸಿರು ಇಂಕಲ್ಲಿ ಬರೋದೇ ಇಲ್ಲ.

ಆಮೇಲೆ ಮಳೆ ಹಿಡೀತು. ಶಿರಸಿ ಮಳೇಲಿ ಹಪ್ಪಳದ ಡಬ್ಬಿಯೊಳಗೇ ತೇವ ಹೊಗ್ತದೆ, ಇನ್ನು ಅಟ್ಟದ ಮೇಲಿಟ್ಟ ಹಾಳೆ ಕವರ್ ಬಿಡ್ತದಾ? ಒಂದೊಂದೂ ಮುರುಟಿಕೊಂಡು ಒಳಗಿನ ಸಿಡೀನ ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿತ್ತು ಅಂದ್ರೆ ಎಳೆಯೋಕೆ ಇಬ್ರು ಬೇಕು. ಮೇಲಿಂದ ಬೂಸ್ಟು, ಅದೂ ಬೇರೆಲ್ಲೂ ಅಲ್ಲ, ಭಾವನ ಗಲ್ಲದ ಮೇಲೆ, ಬೆಳ್ಳಗೆ, ಗಡ್ಡದ ಹಂಗೆ. "ಗುರುಗಳ ಕಳೆ ಬೈಂದು" ಅಂತ ಅವ್ನಿಗೆ ಖುಷಿಯೇ ಆಯ್ತು.

ಸಿಡಿ ಹೆಂಗೂ ಯಾರ ಮನೇಲೂ ಓಡಲ್ಲ, ಆನ್‌ಲೈನ್ ಹಾಕೋಣ ಅಂದೆ. ಅಲ್ಲಿಗೆ 3000 ಪಿಕ್ಸೆಲ್ ಚೌಕದ ಚಿತ್ರ ಕೊಡ್ಬೇಕು, ಮೊಬೈಲಲ್ಲಿ ಕಾಣೋದು ಮಾತ್ರ ಉಗುರಷ್ಟು. ಅದ್ರಲ್ಲೂ ಭಾವಂಗೆ ಫೋನ್ ನಂಬರ್ ಬೇಕೇ ಬೇಕು: "ಯಾರಾದ್ರೂ ಕಾರ್ಯಕ್ರಮಕ್ಕೆ ಕರೆಯವು ಅಂದ್ರೆ ಎಂತ ಮಾಡ್ತ?" ಕವರ್ ಮೇಲೆ ಫೋನ್ ನಂಬರು, ವೆಬ್‌ಸೈಟು, ರೇಟು ಏನಿದ್ರೂ ಆನ್‌ಲೈನ್ ಕಂಪನಿಯೋರು ತಗೊಳ್ಳಲ್ಲ ಅಂದ್ರೆ ಕೇಳ್ಬೇಕಲ್ಲ. ಹಾಕ್ದೆ. ವಾಪಸ್ ಬಂತು. ನಂಬರ್ ತೆಗ್ದು ಕಳಿಸ್ದೆ, ಹೋಯ್ತು. ಆ ಗಲಾಟೇಲಿ ಕುಲದೇವರು, ಊಟ ಹಾಕಿದೋರು, ಕೂಲಿಂಗ್ ಗ್ಲಾಸು ಎಲ್ಲಾನೂ "ಕಂಪನಿಯೋರು ಬ್ಯಾಡ ಅಂದ್ರು" ಅಂತ ಒಟ್ಟಿಗೇ ತೆಗೆದಿದ್ದೆ. ಈಗ ಅಲ್ಲಿರೋದು ಮಂಜು, ತೋಟ, ತಂಬೂರಿ.

ಯಾರಿಗೂ ಸಿಟ್ಟು ಬರ್ಲಿಲ್ಲ, ಅದೇ ಅನುಮಾನ ಬಂದಿದ್ದು. ಆಮೇಲೆ ಗೊತ್ತಾಯ್ತು, ಭಾವ ಮತ್ತು ತಬಲಾದವ್ರು ಮುಂದಿನ ಆಲ್ಬಮ್ಮನ್ನ ಎಲ್‌ಪಿಲೇ ಮಾಡೋದು ಅಂತ ಮಾತಾಡ್ಕೊಂಡಿದಾರೆ. 12 ಇಂಚು, ಎಲ್ರೂ ಹಿಡೀತಾರೆ ಅಂತ ನಾನೇ ಹೇಳಿದ್ದೆನಂತೆ. ತಬಲಾದವ್ರ ಹೊಸ ಫೋಟೊ ಆಗ್ಲೇ ಬಂದಿದೆ, ಈ ಸಲ ಕಾರವಾರದ ಬೀಚಲ್ಲಿ ಬೈಕ್ ಮೇಲೆ ಕೂತಿರೋದು.