ಒಂದು ರೂಪಾಯಿ ಟಿಕೆಟ್ ಕೊಟ್ಟ ಕ್ಯಾಪ್ಟನ್ ನಮ್ಮ ಹುಡುಗರಿಗೆ ಮಾದರಿಯಾ?

ಯುಗಾದಿ ಮಾರನೇ ದಿನ ಹೊಸತೊಡಕಿನ ಊಟಕ್ಕೆ ಹೆಂಡತಿಯ ತವರಿಗೆ ಹೋಗಿದ್ದೆವು. ಮಂಡ್ಯದಿಂದ ಆರೇಳು ಕಿಲೋಮೀಟರ್ ಅಷ್ಟೇ. ಊಟದ ಮಧ್ಯೆ ನನ್ನ ಮಗ ಬಾಂಬ್ ಹಾಕಿದ. ಮೈಸೂರಿನ ಸಾಫ್ಟ್‌ವೇರ್ ಕೆಲಸ ಬಿಡ್ತಾನಂತೆ. ಮಂಡ್ಯದ ಬೆಲ್ಲ, ಗಾಣದ ಎಣ್ಣೆ, ರಾಗಿಹಿಟ್ಟು ತಗೊಂಡು ಮೈಸೂರಿನ ಮನೆಮನೆಗೆ ಮುಟ್ಟಿಸೋ ವ್ಯಾಪಾರ ಮಾಡ್ತಾನಂತೆ. ಮೊದಲ ವರ್ಷ ನಷ್ಟಕ್ಕೆ ಮಾರಿದರೂ ಪರವಾಗಿಲ್ಲ, ಗಿರಾಕಿ ಹಿಡಿಯಬೇಕು ಅಂದ. ಅವನ ಸೋದರಮಾವ ತಟ್ಟೆಯಿಂದ ಕೈ ಎತ್ತಿದ.

"ಯಾರೋ ಇದನ್ನೆಲ್ಲ ನಿನಗೆ ಹೇಳಿಕೊಟ್ಟಿದ್ದು?"

"ಕ್ಯಾಪ್ಟನ್ ಗೋಪಿನಾಥ್ ಒಂದು ರೂಪಾಯಿಗೆ ವಿಮಾನದ ಟಿಕೆಟ್ ಮಾರಲಿಲ್ವಾ ಮಾವ?"

ಮುದ್ದೆ ಆರಿತು, ಮಾತು ಆರಲಿಲ್ಲ. ಸಂಜೆ ಹೊರಡುವ ಹೊತ್ತಿಗೂ ಮುಗಿಯದಿದ್ದಾಗ, ಇಬ್ಬರೂ ಬರೆದೇ ಬಿಡೋಣ ಅಂತಾಯಿತು. ಪರ ನನ್ನದು, ವಿರೋಧ ನನ್ನ ಬಾಮೈದನದು.

ಪರ

ನಮ್ಮ ಅಮ್ಮ ಮೊದಲ ಸಲ ವಿಮಾನ ಹತ್ತಿದ್ದು 2005ರಲ್ಲಿ. ವಯಸ್ಸು ಎಪ್ಪತ್ತರ ಹತ್ತಿರ. ಹುಬ್ಬಳ್ಳಿಯಲ್ಲಿ ಅಕ್ಕನ ಮನೆಯ ಗೃಹಪ್ರವೇಶ. ರಾತ್ರಿಯೆಲ್ಲ ರೈಲಿನಲ್ಲಿ ಕೂತು ಹೋಗುವಷ್ಟು ಅಮ್ಮನ ಸೊಂಟ ಗಟ್ಟಿ ಇರಲಿಲ್ಲ. ಆಗ ಗೋಪಿನಾಥ್ ಅವರ ಕಂಪನಿ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರುತ್ತಿತ್ತು, ಎಚ್‌ಎಎಲ್‌ನ ಹಳೇ ನಿಲ್ದಾಣದಿಂದ. ಟಿಕೆಟ್‌ನಲ್ಲಿ ಸೀಟ್ ನಂಬರ್ ಇಲ್ಲ. ಮೊದಲು ಹತ್ತಿದವರಿಗೆ ಬೇಕಾದ ಜಾಗ. ಅಮ್ಮ ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಪಳಗಿದವಳು, ನೂಕುನುಗ್ಗಲು ಅವಳಿಗೇನೂ ಹೊಸದಲ್ಲ. ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯೋಕಾಗಲ್ವಲ್ಲ ಅನ್ನೋದೊಂದೇ ಕೊರಗು. ರೆಕ್ಕೆಯ ಪಕ್ಕದ ಕಿಟಕಿಯೇ ಸಿಕ್ಕಿತು. ಸ್ವಲ್ಪ ಹೊತ್ತು ಪ್ರೊಪೆಲ್ಲರ್ ನೋಡಿ, "ಇಷ್ಟು ದೊಡ್ಡ ಫ್ಯಾನು ತಿರುಗ್ತಿದೆ, ಒಳಗೆ ಚೂರೂ ಗಾಳಿ ಬರ್ತಿಲ್ಲ" ಅಂದಳು. ಆ ವಿಮಾನದಲ್ಲಿ ತಿಂಡಿ ಬೇಕಾದರೆ ದುಡ್ಡು ಕೊಟ್ಟು ತಗೋಬೇಕಿತ್ತು. ಅಮ್ಮ ಮಡಿಲಲ್ಲಿದ್ದ ಸ್ಟೀಲ್ ಡಬ್ಬಿ ತೆಗೆದಳು. ಪುಳಿಯೋಗರೆ. ವಾಸನೆ ಮುಂದಿನ ಮೂರು ಸಾಲಿಗೆ ಹೋಯಿತು.

ಹಾಗೆ ನೋಡಿದರೆ ಅದು ಸರಿಯಾದ ತಿಂಡಿಯೇ. ಕ್ಯಾಪ್ಟನ್ ಗೋಪಿನಾಥ್ ಹುಟ್ಟಿದ್ದು 1951ರಲ್ಲಿ, ಪುಳಿಯೋಗರೆಗೆ ಹೆಸರಾದ ಮೇಲುಕೋಟೆಯಲ್ಲಿ. ಬೆಳೆದದ್ದು ಹಾಸನ ಜಿಲ್ಲೆಯ ಗೊರೂರಿನಲ್ಲಿ, ಮೇಷ್ಟರ ಮಗನಾಗಿ. ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ ಸೇನೆ ಸೇರಿದರು, 1971ರ ಯುದ್ಧ ಕಂಡರು, ಮೂವತ್ತು ತುಂಬುವ ಮೊದಲೇ ಸೇನೆ ಬಿಟ್ಟು ಬಂದರು. ಹೇಮಾವತಿ ಅಣೆಕಟ್ಟಿನಲ್ಲಿ ಗೊರೂರಿನ ಜಮೀನು ಮುಳುಗಿತ್ತು. ಬದಲಿಗೆ ಸರ್ಕಾರ ಕೊಟ್ಟಿದ್ದು ಜಾವಗಲ್ ಕಡೆಯ ಬರಡು ನೆಲ. ಅಲ್ಲಿ ಟೆಂಟ್ ಹಾಕಿಕೊಂಡು ಉಳಿದರು. ತೆಂಗು, ದನ, ಕೋಳಿ, ಎಲ್ಲ ನೋಡಿದರು. ಕೊನೆಗೆ ಕೈ ಹಿಡಿದದ್ದು ರೇಷ್ಮೆ. ಖರ್ಚು ಕಮ್ಮಿ ಮಾಡಿ, ಪರಿಸರಕ್ಕೆ ಹೊಂದುವ ಹಾಗೆ ರೇಷ್ಮೆ ಬೆಳೆದದ್ದಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಮಧ್ಯೆ ಹಾಸನದಲ್ಲಿ ಬೈಕ್ ಏಜೆನ್ಸಿ, ಹೋಟೆಲು. ಆಮೇಲೆ ಸೇನೆಯ ಗೆಳೆಯ ಕ್ಯಾಪ್ಟನ್ ಸ್ಯಾಮುಯೆಲ್ ಜೊತೆ ಸೇರಿ ಬಾಡಿಗೆ ಹೆಲಿಕಾಪ್ಟರ್ ಕಂಪನಿ. ಒಬ್ಬ ಮನುಷ್ಯ ಇಷ್ಟು ಸಲ ಮೊದಲಿಂದ ಶುರು ಮಾಡಿದ್ದನ್ನು ನಾನಂತೂ ಕಂಡಿಲ್ಲ. ನಾನು ಮೂವತ್ತೊಂದು ವರ್ಷ ಒಂದೇ ಸ್ಕೂಲಿನಲ್ಲಿ ಪಾಠ ಮಾಡಿದವನು, ನನಗೆ ಹೊಟ್ಟೆಕಿಚ್ಚು ಅಂತಲೇ ಇಟ್ಟುಕೊಳ್ಳಿ.

2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಶುರುವಾಯಿತು. ಲೆಕ್ಕ ಸರಳ. ಊಟ ಇಲ್ಲ, ಸೀಟು ಜಾಸ್ತಿ, ಏಜೆಂಟರನ್ನು ಬಿಟ್ಟು ಇಂಟರ್‌ನೆಟ್‌ನಲ್ಲಿ ಟಿಕೆಟ್. ವಿಮಾನ ಇಳಿದ ಮೇಲೆ ಸುಮ್ನೆ ನಿಲ್ಲೋ ಹಾಗಿಲ್ಲ, ಜನ ಇಳಿದು ಜನ ಹತ್ತಿ ಮತ್ತೆ ಹೊರಡಬೇಕು, ಯಾಕಂದರೆ ನೆಲದ ಮೇಲೆ ನಿಂತ ವಿಮಾನ ಸಾಲದ ಬಡ್ಡಿ ತಿನ್ನುತ್ತೆ. ಒಂದಷ್ಟು ಸೀಟು ಒಂದು ರೂಪಾಯಿಗೆ. ತೆರಿಗೆ, ಶುಲ್ಕ ಬೇರೆ, ಆದರೂ ಒಂದು ರೂಪಾಯಿ! ಮುಂಚೆ ಬುಕ್ ಮಾಡಿದವರಿಗೆ ಅಗ್ಗ, ಕೊನೆಗೆ ಬಂದವರಿಗೆ ದುಬಾರಿ. ಈಗ ಮಕ್ಕಳಿಗೂ ಗೊತ್ತಿರುವ ವಿಷಯ, ಆಗ ನಮ್ಮಂಥವರು ಕೇಳಿರಲಿಲ್ಲ. ಕಂಪನಿಯ ಗುರುತಾಗಿ ನಿಂತವನು ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ, ಅದೇ ಚೌಕಳಿ ಕೋಟು, ಪಂಚೆ. ವಿಮಾನಕ್ಕೆ ಪಂಚೆ ಉಟ್ಟವನನ್ನು ಕರೆದದ್ದು ಇದೇ ಮೊದಲು ಅನ್ನಿಸುತ್ತೆ ನನಗೆ.

ಶುರುವಿನಲ್ಲೇ ದೊಡ್ಡ ಅವಘಡ. ಹೈದರಾಬಾದಿನಿಂದ ವಿಜಯವಾಡಕ್ಕೆ ಉದ್ಘಾಟನೆಯ ವಿಮಾನ ಹೊರಡುವಾಗ ಎಂಜಿನ್‌ಗೆ ಬೆಂಕಿ ಹತ್ತಿಕೊಂಡಿತು. ಒಳಗೆ ವೆಂಕಯ್ಯ ನಾಯ್ಡು ಅವರಂಥ ದೊಡ್ಡವರು. ಎಲ್ಲರೂ ಪಾರಾದರು. ನಾನಾಗಿದ್ದರೆ ಅವತ್ತೇ ಅಂಗಡಿ ಮುಚ್ಚಿ ಜಾವಗಲ್‌ಗೆ ವಾಪಸ್ ಹೋಗುತ್ತಿದ್ದೆ. ಅವರು ನಿಲ್ಲಲಿಲ್ಲ. ನಾಲ್ಕೇ ವರ್ಷದಲ್ಲಿ ಅರವತ್ತಕ್ಕೂ ಹೆಚ್ಚು ಊರು, ನಲವತ್ತಕ್ಕೂ ಹೆಚ್ಚು ವಿಮಾನ.

ನನ್ನ ಬಾಮೈದ ಮುಂದೆ ನಷ್ಟದ ಕಥೆ ಹೇಳುತ್ತಾನೆ, ಗೊತ್ತು. ಕಂಪನಿ ಉಳಿಯಲಿಲ್ಲ, ನಿಜ. ಆದರೆ ಆ ದರ ಉಳಿಯಿತಲ್ಲ. ಇವರು ಅಗ್ಗಕ್ಕೆ ಕೊಟ್ಟ ಮೇಲೆ ಮಿಕ್ಕವರೂ ಇಳಿಸಬೇಕಾಯಿತು. 2016ರಲ್ಲಿ ಸರ್ಕಾರ ಉಡಾನ್ ತಂದಿತು, ಸುಮಾರು ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ, ಸಣ್ಣ ಊರುಗಳಿಗೆ ಸಣ್ಣ ವಿಮಾನ. ಈ ದಾರಿ ಮೊದಲು ತುಳಿದವರು ಯಾರು? ನಮ್ಮ ಮೈಸೂರಿನ ವಿಮಾನ ನಿಲ್ದಾಣ ಮಂಡಕಳ್ಳಿಯ ರನ್‌ವೇ ಇರೋದು 1,740 ಮೀಟರ್. ಅಲ್ಲಿಗೆ ಬರೋದು ಹೆಚ್ಚಾಗಿ ಎಟಿಆರ್ ಅನ್ನೋ ಸಣ್ಣ ಪ್ರೊಪೆಲ್ಲರ್ ವಿಮಾನ. ಇವರು ಶುರು ಮಾಡಿದ್ದೂ ಅದೇ ಎಟಿಆರ್‌ನಿಂದ, ಸಣ್ಣ ಊರಿನ ಮೋಟು ರನ್‌ವೇಗೆ ಅದೇ ಸರಿ ಅಂತ.

ನನ್ನ ಮಗನಿಗೆ ನಾನು ಹೇಳೋದಿಷ್ಟೇ. ಒಂದು ರೂಪಾಯಿಯನ್ನು ನೋಡಬೇಡ. ಜಾವಗಲ್‌ನ ಟೆಂಟ್ ನೋಡು.

ವಿರೋಧ

ಭಾವ ಅವರು ಮೇಷ್ಟ್ರು, ಚೆನ್ನಾಗಿ ಬರೀತಾರೆ. ಅತ್ತೆಯವರ ಪುಳಿಯೋಗರೆ ಡಬ್ಬಿ ಮುಂದಿಟ್ಟ ಮೇಲೆ ಎದುರು ಮಾತಾಡೋರು ಯಾರು? ಆದರೂ ಆಡ್ತೀನಿ. ಮೇಲುಕೋಟೆ ನಮ್ಮ ಜಿಲ್ಲೆ ಭಾವ, ಗೋಪಿನಾಥ್ ಅವರ ಮೇಲೆ ಅಭಿಮಾನ ನಿಮಗಿಂತ ನನಗೇ ಜಾಸ್ತಿ ಇರಬೇಕು. ಮನುಷ್ಯ ದೊಡ್ಡವರು. ಅವರ ಬ್ಯಾಲೆನ್ಸ್ ಶೀಟ್ ದೊಡ್ಡದಲ್ಲ.

ನಂದು ಆಲೆಮನೆ. ಒಂದು ಟನ್ ಕಬ್ಬು ಅರೆದರೆ ಸುಮಾರು ನೂರು ಕೆಜಿ ಬೆಲ್ಲ. ಕಬ್ಬಿಗೆ ಟನ್ನಿಗೆ 3,000 ಅಂತ ಇಟ್ಟುಕೊಳ್ಳಿ, ಕೆಜಿ ಬೆಲ್ಲದಲ್ಲಿ ಕಬ್ಬೇ 30 ರೂಪಾಯಿ ಆಯ್ತು. ಕೂಲಿ, ಕರೆಂಟು, ಕೊಪ್ಪರಿಗೆ ರಿಪೇರಿ, ಪಾಕ ನೋಡೋನ ಸಂಬಳ ಇನ್ನೂ ಸೇರಿಸಿಲ್ಲ. ಒಂದು ವರ್ಷ ನಾನೂ ಬುದ್ಧಿವಂತಿಕೆ ಮಾಡಿದ್ದೆ. ಪಕ್ಕದ ಆಲೆಮನೆಯ ಗಿರಾಕಿ ಎಳೆಯಬೇಕು ಅಂತ ಕೆಜಿಗೆ ನಾಲ್ಕು ರೂಪಾಯಿ ಇಳಿಸಿದೆ. ಬಾಗಿಲಲ್ಲಿ ಬೆಳಗ್ಗೆಯೇ ಟೆಂಪೋಗಳ ಸಾಲು. ಊರೆಲ್ಲ ನನ್ನದೇ ಮಾತು. ಮುಂದಿನ ವರ್ಷ ಎರಡು ರೂಪಾಯಿ ಏರಿಸಿದೆ ಅಷ್ಟೇ, ಅದೇ ಟೆಂಪೋಗಳು ಪಕ್ಕದವನ ಬಾಗಿಲಲ್ಲಿ. ನಮ್ಮಪ್ಪ ಏನೂ ಅನ್ನಲಿಲ್ಲ. ಲೆಕ್ಕದ ಪುಸ್ತಕ ತಂದು ನನ್ನ ಚಾಪೆ ಪಕ್ಕ ಇಟ್ಟು ಹೋದರು.

ಏರ್ ಡೆಕ್ಕನ್ ಕಥೆ ಇದೇ, ಸೊನ್ನೆ ಜಾಸ್ತಿ. ಜನ ತುಂಬಿದರು, ವಿಮಾನ ತುಂಬಿತು, ನಷ್ಟ ನೂರಾರು ಕೋಟಿಗೆ ಹೋಯಿತು. 2006ರಲ್ಲಿ ಷೇರು ಬಿಟ್ಟಾಗ ಕೊಳ್ಳೋರೇ ಸರಿಯಾಗಿ ಮುಂದೆ ಬರಲಿಲ್ಲ, ದರ ಇಳಿಸಬೇಕಾಯಿತು, ಮಾರ್ಕೆಟ್‌ಗೆ ಬಂದ ದಿನ ಅದಕ್ಕಿಂತ ಕೆಳಗೆ ಬಿತ್ತು. ಮರುವರ್ಷ, 2007ರಲ್ಲಿ, ವಿಜಯ್ ಮಲ್ಯ ಅವರ ಗುಂಪಿಗೆ 26 ಪರ್ಸೆಂಟ್ ಪಾಲು 550 ಕೋಟಿಗೆ ಹೋಯಿತು. ಇಲ್ಲೊಂದು ವಿಷಯ ಭಾವ ಬರೆದಿಲ್ಲ. ಆಗ ಪರದೇಶಕ್ಕೆ ಹಾರಬೇಕಾದರೆ ದೇಶದೊಳಗೆ ಐದು ವರ್ಷ ಹಾರಿರಬೇಕು ಅನ್ನೋ ಕಾನೂನಿತ್ತು. ಮಲ್ಯ ಅವರ ವಿಮಾನ ಕಂಪನಿ ಕಿಂಗ್‌ಫಿಷರ್ ಶುರುವಾಗಿದ್ದು 2005ರಲ್ಲಿ. ಡೆಕ್ಕನ್‌ಗೆ 2008ರ ಆಗಸ್ಟ್‌ಗೆ ಐದು ತುಂಬುತ್ತಿತ್ತು. 2008ರಲ್ಲಿ ಎರಡೂ ಸೇರಿದವು, ಅದೇ ಸೆಪ್ಟೆಂಬರ್‌ನಲ್ಲಿ ಕಿಂಗ್‌ಫಿಷರ್ ಲಂಡನ್‌ಗೆ ಹಾರಿತು. ಕೊಂಡವರಿಗೆ ಬೇಕಾಗಿದ್ದು ಪಂಚೆ ಉಟ್ಟ ಶ್ರೀಸಾಮಾನ್ಯನೋ, ಆ ಲೈಸೆನ್ಸೋ? ನನಗಂತೂ ಡೌಟಿಲ್ಲ. ಶ್ರೀಸಾಮಾನ್ಯ ಬೇಗ ಇಳಿದ, ಹೆಸರು ಕಿಂಗ್‌ಫಿಷರ್ ರೆಡ್ ಆಯಿತು, 2011ರಲ್ಲಿ ಅಗ್ಗದ ಆ ಸೇವೆಯನ್ನೇ ನಿಲ್ಲಿಸುತ್ತೇವೆ ಅಂದರು, 2012ರ ಅಕ್ಟೋಬರ್‌ಗೆ ಇಡೀ ಕಿಂಗ್‌ಫಿಷರ್ ನೆಲ ಕಚ್ಚಿತು. ಕೆಲಸದವರಿಗೆ ತಿಂಗಳುಗಟ್ಟಲೆ ಸಂಬಳ ಇಲ್ಲ. ಅದು ಗೋಪಿನಾಥ್ ಮಾಡಿದ್ದಲ್ಲ, ಒಪ್ಪುತ್ತೇನೆ. ಆದರೆ ಮಗಳನ್ನು ಎಂಥ ಮನೆಗೆ ಕೊಟ್ಟೆವು ಅನ್ನೋದಕ್ಕೆ ಅಪ್ಪನೂ ಜವಾಬ್ದಾರನೇ ಅಲ್ವಾ?

ಮಂಡಕಳ್ಳಿ ಮಾತು ಎತ್ತಿದಿರಿ. 2010ರ ಅಕ್ಟೋಬರ್‌ನಲ್ಲಿ ಅಲ್ಲಿಂದ ಬೆಂಗಳೂರಿಗೆ ವಿಮಾನ ಶುರು ಮಾಡಿದ್ದು ಇದೇ ಕಿಂಗ್‌ಫಿಷರ್. ಮುಂದಿನ ನವೆಂಬರ್‌ಗೆ ನಿಲ್ಲಿಸಿತು. ಆಮೇಲೆ ಒಂದು ಕಂಪನಿ ಬಂತು, ಹೋಯಿತು, ಇನ್ನೊಂದು ಬಂತು. ಈಗ 2023ರಿಂದ ಎಕ್ಸ್‌ಪ್ರೆಸ್‌ವೇ ಬೇರೆ ಇದೆ, ಬೆಂಗಳೂರಿಗೆ ವಿಮಾನ ಹತ್ತೋನು ನಿಲ್ದಾಣಕ್ಕೆ ಹೋಗಿ ಕಾಯೋ ಹೊತ್ತಿಗೆ ಕಾರಿನವನು ರಾಮನಗರ ದಾಟಿರ್ತಾನೆ.

ಇನ್ನು ಇಂಡಿಗೋ ನೋಡಿ. ಅವರೂ ಅಗ್ಗದ ಟಿಕೆಟ್ಟೇ. 2006ರ ಆಗಸ್ಟ್‌ನಲ್ಲಿ ಹಾರೋಕೆ ಶುರು ಮಾಡಿದರು. ಆದರೆ ಹಾರುವ ಮೊದಲೇ, 2005ರಲ್ಲಿ, ಒಂದೇ ಜಾತಿಯ ನೂರು ಏರ್‌ಬಸ್‌ಗೆ ಆರ್ಡರ್ ಕೊಟ್ಟಿದ್ದರು. ಒಟ್ಟಿಗೆ ಕೊಂಡರೆ ದರ ಇಳಿಯುತ್ತೆ. ಒಂದೇ ಜಾತಿ ಆದರೆ ಒಂದೇ ಥರದ ಪೈಲಟ್, ಒಂದೇ ಥರದ ಬಿಡಿಭಾಗ, ಒಂದೇ ಥರದ ಮೆಕ್ಯಾನಿಕ್. ಡೆಕ್ಕನ್‌ನಲ್ಲಿ ಎಟಿಆರ್ ಬೇರೆ, ಏರ್‌ಬಸ್ ಬೇರೆ, ಎರಡಕ್ಕೂ ಎರಡು ಸಂಸಾರ. ನಮ್ಮಲ್ಲೂ ಹಾಗೇ, ಅಚ್ಚುಬೆಲ್ಲ, ಉಂಡೆಬೆಲ್ಲ, ಜೋನಿಬೆಲ್ಲ ಮೂರನ್ನೂ ಒಂದೇ ವಾರದಲ್ಲಿ ಮಾಡೋಕೆ ಹೋದರೆ ಯಾವುದೂ ಸರಿಯಾಗಲ್ಲ. ದಾರಿ ತೋರಿಸಿದವರು ಗೋಪಿನಾಥ್, ಸರಿ. ಆ ದಾರಿಯಲ್ಲಿ ದುಡ್ಡು ಮಾಡಿದವರು ಬೇರೆ. ನಮ್ಮ ಹುಡುಗನಿಗೆ ಯಾರ ಲೆಕ್ಕ ಓದಿಸಬೇಕು?

ಆಮೇಲೆ ಅವರು ಡೆಕ್ಕನ್ 360 ಅಂತ ಸರಕು ವಿಮಾನ ಶುರು ಮಾಡಿದರು, 2009ರಲ್ಲಿ, ನಾಗಪುರ ಕೇಂದ್ರ ಮಾಡಿಕೊಂಡು. ಅದೂ ಬೇಗ ನಿಂತಿತು. 2009ರ ಲೋಕಸಭೆಗೆ ಬೆಂಗಳೂರು ದಕ್ಷಿಣದಿಂದ ಪಕ್ಷೇತರರಾಗಿ ನಿಂತರು, ಸೋತರು. 2017ರ ಕೊನೆಗೆ ಅದೇ ಏರ್ ಡೆಕ್ಕನ್ ಹೆಸರಲ್ಲಿ ಸಣ್ಣ ವಿಮಾನ ಹಾರಿಸಿದರು, ಅದು 2020ರಲ್ಲಿ ಕೊರೋನಾಗೆ ಬಿತ್ತು. ಮತ್ತೆ ಮತ್ತೆ ಎದ್ದರು ಅಂತ ಭಾವ ಬರೀತಾರೆ. ಮತ್ತೆ ಮತ್ತೆ ಬಿದ್ದದ್ದು ಯಾಕೆ ಅಂತ ನಾನು ಕೇಳ್ತೀನಿ.

ಇನ್ನೊಂದು. ಅವರ ಬದುಕನ್ನು ನೋಡಿ 2020ರಲ್ಲಿ ತಮಿಳಿನಲ್ಲಿ ಸಿನಿಮಾ ಬಂತು, ಸೂರ್ಯ ಹೀರೋ. ನಮ್ಮ ಹುಡುಗ ಅದನ್ನು ಮೂರು ಸಲ ನೋಡಿದ್ದಾನೆ, ನನಗೆ ಗೊತ್ತು. ಸಿನಿಮಾಗೆ ವಿಮಾನ ಹಾರಿದರೆ ಸಾಕು. ಹಾರಿದ ಮೇಲೆ ಪೆಟ್ರೋಲ್ ಹಾಕಿಸೋಕೆ ದುಡ್ಡಿತ್ತಾ ಅಂತ ಯಾರೂ ಎರಡನೇ ಭಾಗ ತೆಗೆಯಲ್ಲ.

ಟೆಂಟ್ ನೋಡು ಅಂದಿರಿ ಭಾವ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಟೆಂಟ್ ಹಾಕಿದಾಗ ಅವರು ಸಾಲದ ಮೇಲೆ ಯಾರಿಗೂ ಪುಕ್ಕಟೆ ರೇಷ್ಮೆ ಹಂಚಲಿಲ್ಲ. ಖರ್ಚು ಕಮ್ಮಿ ಮಾಡಿ ಬೆಳೆದರು, ಅದಕ್ಕೇ ಪ್ರಶಸ್ತಿ ಬಂತು. ಆ ಗೋಪಿನಾಥ್ ಬೇಕಾದರೆ ಹುಡುಗನಿಗೆ ಮಾದರಿ ಆಗಲಿ. ವಿಮಾನದ ಗೋಪಿನಾಥ್ ಬೇಡ.

ಭಾನುವಾರ ಬರ್ತೀನಿ ಅಂತ ಫೋನ್ ಮಾಡಿದ್ದ. ಕೆಜಿಗೆ ಎಷ್ಟಕ್ಕೆ ಮಾರ್ತೀಯೋ ಅಂದೆ. "ಅರವತ್ತು" ಅಂದ. ನಾನು ನಿನಗೆ ಎಷ್ಟಕ್ಕೆ ಕೊಡ್ತೀನಿ ಅಂತ ಕೇಳಿದ್ದೀಯಾ ಅಂದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಮಾವ, ನೀವು ನನಗೂ ದುಡ್ಡು ಹಾಕ್ತೀರಾ?" ಅಂದ.

ಅಟ್ಟದ ಮೇಲಿಂದ ಅಪ್ಪನ ಲೆಕ್ಕದ ಪುಸ್ತಕ ಇಳಿಸಿ ಧೂಳು ಒರೆಸಿಟ್ಟಿದ್ದೀನಿ.