ಕಾಲಿಗಂಟಿದ ಮರಳು

ಮಾಲ್ಡೀವ್ಸ್‌ನ ಎಷ್ಟೋ ರೆಸಾರ್ಟ್‌ಗಳಲ್ಲಿ ದಡಕ್ಕೆ ಮುಖ ಮಾಡಿದ ವಿಲ್ಲಾದ ಮೆಟ್ಟಿಲ ಪಕ್ಕ ಒಂದು ಮಡಕೆ ಇಟ್ಟಿರುತ್ತಾರೆ. ತುಂಬ ನೀರು, ಮೇಲೊಂದು ಹಿಡಿ ಹಾಕಿದ ಕರಟ. ಕಾಲು ತೊಳೆದುಕೊಂಡು ಒಳಗೆ ಹೋಗಬೇಕು. ಬೇರೆ ದೇಶದವರು ಇದೇನು ಅಲಂಕಾರವೋ ಎಂದು ಒಂದು ಕ್ಷಣ ನಿಂತು ನೋಡುತ್ತಾರೆ. ಊರಿಂದ ಬಂದ ನಮ್ಮವರು ಏನನ್ನೂ ಕೇಳುವುದಿಲ್ಲ; ಚಪ್ಪಲಿ ಬಿಟ್ಟು, ಒಂದು ಕಾಲಿಂದ ಇನ್ನೊಂದನ್ನು ಉಜ್ಜಿ, ಹಿಮ್ಮಡಿ ನೆನೆಯಿತೇ ಎಂದು ತಿರುಗಿ ನೋಡಿ ಒಳಗೆ ಹೋಗುತ್ತಾರೆ. ಅಷ್ಟು ದೂರ ಬಂದು, ಅಷ್ಟು ದುಡ್ಡು ಕೊಟ್ಟು, ಅಜ್ಜಿಮನೆಯ ಅಂಗಳದಲ್ಲಿ ನಿಂತಂತಾಗುವ ಸುಖ ಅದು.

ಆದರೆ ನಮ್ಮ ಮನೆಗಳಲ್ಲಿ ಕಾಲು ತೊಳೆಯುವುದು ಮನೆಯ ಮಡಿಗಾಗಿ. ಇಲ್ಲಿ ಅದರಿಂದ ಮರಳೂ ಉಳಿಯುತ್ತದೆ: ತೊಳೆದ ಮರಳು ಮೆಟ್ಟಿಲ ಬುಡಕ್ಕೇ, ದಡಕ್ಕೇ ವಾಪಸ್ಸು. ಸನ್‌ಸ್ಕ್ರೀನ್ ಹಚ್ಚಿದ ಕಾಲಿಗೆ ಹವಳದ ಪುಡಿಯಾದ ಈ ಮರಳು ಮೆತ್ತಿಕೊಂಡರೆ ಬರೀ ನೀರಿಗೆ ಬಿಡುವುದಿಲ್ಲ. ಐದು ನಿಮಿಷ ಬಿಸಿಲಲ್ಲಿ ಒಣಗಿಸಿ, ಟವೆಲ್‌ನಿಂದ ಕೊಡವಿ, ಆಮೇಲೆ ನೀರು ಹುಯ್ದುಕೊಳ್ಳಬೇಕು. ಹಾಗೇ ಒಳಗೆ ಹೋದರೆ ಮರದ ನೆಲಕ್ಕೆ ಗೀರು ಬೀಳುತ್ತದೆ, ಶವರಿನ ಮೋರಿ ಕಟ್ಟಿಕೊಳ್ಳುತ್ತದೆ, ಖಾಸಗಿ ಈಜುಕೊಳವಿದ್ದರೆ ಫಿಲ್ಟರ್ ಕೆಡುತ್ತದೆ.

ಮಾಲ್ಡೀವ್ಸ್‌ನವರಿಗೆ ಮರಳಿನ ಮೇಲೆ ಯಾಕಿಷ್ಟು ಅಕ್ಕರೆ ಎಂದರೆ, ಅದನ್ನು ತಂದುಕೊಡುವ ನದಿ ಇಲ್ಲಿ ಒಂದೂ ಇಲ್ಲ. ಈ ಬಿಳಿ ಮರಳೆಲ್ಲ ಸುತ್ತಲಿನ ಹವಳದ ದಿಬ್ಬದ್ದು. ಗಿಳಿಯ ಕೊಕ್ಕಿನಂಥ ಬಾಯಿಯ ಪ್ಯಾರಟ್ ಫಿಶ್ ಸತ್ತ ಹವಳವನ್ನು ಕೆರೆದು ತಿಂದು, ಅರೆದು, ಮರಳಾಗಿ ಹೊರಗೆ ಹಾಕುತ್ತದೆ. ವಕ್ಕರು ದ್ವೀಪದ ದಿಬ್ಬದಲ್ಲಿ ನಡೆದ ಅಧ್ಯಯನದಲ್ಲಿ ಹೊಸ ಮರಳಿನ ಶೇ. 85ಕ್ಕೂ ಹೆಚ್ಚು ಪಾಲು ಈ ಮೀನಿನದೇ ಎಂದು ಕಂಡುಬಂತು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಎಸೆಯುವುದರಿಂದ ಮಟಮಟ ಮಧ್ಯಾಹ್ನವೂ ಬರಿಗಾಲಲ್ಲಿ ನಡೆಯಬಹುದು. ನಮ್ಮ ಕರಾವಳಿಯ ಹೊಯ್ಗೆಯಲ್ಲಿ ಆ ಹೊತ್ತಿಗೆ ಓಡಬೇಕು.

ಊರಿಂದ ಫೋನು ಮಾಡುವವರ ಮೊದಲ ಪ್ರಶ್ನೆ ಬಾಡಿಗೆ ಎಷ್ಟು ಎಂದು. ತೋರಿಸಿದ ಬೆಲೆಗೆ ತೆರಿಗೆ ಸೇರಿದೆಯೇ ನೋಡಿಕೊಳ್ಳಿ. ಸೇರಿರದಿದ್ದರೆ ಶೇ. 10 ಸೇವಾ ಶುಲ್ಕ, ಅದರ ಮೇಲೆ 2025ರ ಜುಲೈನಿಂದ ಶೇ. 17 ತೆರಿಗೆ, 100 ಡಾಲರ್ ಎಂದದ್ದು ಸುಮಾರು 129 ಆಗುತ್ತದೆ. ಜೊತೆಗೆ ತಲೆಗೆ ರಾತ್ರಿಗೆ 12 ಡಾಲರ್ ಹಸಿರು ತೆರಿಗೆ. ಸೀಪ್ಲೇನ್ ಕತ್ತಲಾದ ಮೇಲೆ ಹಾರುವುದಿಲ್ಲ, ಹಾಗಾಗಿ ದೂರದ ದ್ವೀಪಕ್ಕೆ ಹೋಗುವವರು ಸಂಜೆಯ ವಿಮಾನ ಹಿಡಿದರೆ ವಿಮಾನ ನಿಲ್ದಾಣದ ಪಕ್ಕದ ಹುಳುಮಾಲೆಯಲ್ಲಿ ಒಂದು ರಾತ್ರಿ ಕಳೆಯಬೇಕು. ಇಷ್ಟು ಹೇಳಿದರೆ ಲೆಕ್ಕ ಮುಗಿಯಿತು.

ಯಾರೂ ಕೇಳದ ಪ್ರಶ್ನೆ ಒಂದಿದೆ: ನಾವು ಬರುವ ತಿಂಗಳಲ್ಲಿ ಮರಳು ಯಾವ ಬದಿಗಿರುತ್ತದೆ? ಈ ಪುಟ್ಟ ದ್ವೀಪಗಳಲ್ಲಿ ದಡ ಋತುವಿನ ಜೊತೆ ಜಾಗ ಬದಲಿಸುತ್ತದೆ. ಮೇ ತಿಂಗಳಿಂದ ನವೆಂಬರ್‌ವರೆಗೆ, ಇವರು ಹುಳಂಗು ಎನ್ನುವ ಪಡುವಣ ಗಾಳಿಯ ಕಾಲದಲ್ಲಿ, ಅಲೆ ಪಶ್ಚಿಮದ ಮರಳನ್ನು ಎತ್ತಿ ಪೂರ್ವಕ್ಕೆ ಒಯ್ದು ಹಾಕುತ್ತದೆ. ಇರುವೈ ಎನ್ನುವ ಮೂಡಣ ಗಾಳಿ ಬಂದಾಗ ಅದೇ ಮರಳು ಹಿಂದಕ್ಕೆ ಬರುತ್ತದೆ. ಫೆಬ್ರವರಿಯಲ್ಲಿ ತೆಗೆದ ಫೋಟೊ ನೋಡಿ ಆಗಸ್ಟ್‌ಗೆ ಪಡುವಣ ಬದಿಯ ವಿಲ್ಲಾ ಹಿಡಿದವರಿಗೆ ಮೆಟ್ಟಿಲ ಕೆಳಗೇ ಅಲೆ, ಮರಳು ತುಂಬಿದ ಚೀಲಗಳ ಸಾಲು ಕಾಣಸಿಗುವುದುಂಟು. ಆಗಸ್ಟ್ ಆದರೆ ಪೂರ್ವದ ಬದಿ ಕೇಳಿ, ಫೆಬ್ರವರಿ ಆದರೆ ಪಶ್ಚಿಮ. ಜೆಟ್ಟಿ ಕಂಬಗಳ ಮೇಲೆ ನಿಂತಿದೆಯೋ, ಕಲ್ಲು ತುಂಬಿ ಕಟ್ಟಿದ್ದೋ ಎಂಬುದನ್ನೂ ವಿಚಾರಿಸಿ. ಕಂಬಗಳ ನಡುವೆ ಮರಳು ಹರಿದುಹೋಗುತ್ತದೆ, ಕಲ್ಲಿನ ಜೆಟ್ಟಿ ಒಂದು ಬದಿಗೆ ಗುಡ್ಡೆ ಹಾಕಿ ಇನ್ನೊಂದು ಬದಿಯನ್ನು ಬೋಳು ಮಾಡುತ್ತದೆ.

ಇದನ್ನೆಲ್ಲ ನೋಡುವಾಗ ಊರಿನ ನೆನಪಾಗಿ ಹೊಟ್ಟೆ ಉರಿಯುತ್ತದೆ. ಘಟ್ಟದಿಂದ ಇಳಿಯುವ ಹೊಳೆಗಳು ಪುಕ್ಕಟೆ ತಂದುಕೊಡುವ ಹೊಯ್ಗೆಯನ್ನು ನಾವು ಅಳಿವೆ ಮುಟ್ಟುವ ಮೊದಲೇ ಲಾರಿಗೆ ತುಂಬುತ್ತೇವೆ. ಮಳೆಗಾಲದಲ್ಲಿ ಕಡಲ್ಕೊರೆತ ಶುರುವಾದರೆ ಉಳ್ಳಾಲದಲ್ಲೂ ಮರವಂತೆಯಲ್ಲೂ ಅದೇ ಲಾರಿಗಳಲ್ಲಿ ಬಂಡೆ ತಂದು ಸುರಿಯುತ್ತೇವೆ. ಆ ಬಂಡೆಗಳ ಗೋಡೆಗೆ ಬಡಿದ ಅಲೆ ತಿರುಗಿ ಹೋಗುವಾಗ ಬುಡದ ಮರಳನ್ನೇ ಎಳೆದೊಯ್ಯುತ್ತದೆ. ಗೋಡೆ ಮುಗಿದಲ್ಲಿಂದ ಕೊರೆತ ಪಕ್ಕದ ಊರಿಗೆ ದಾಟುತ್ತದೆ. ಮನೆ ಉಳಿಸಿಕೊಳ್ಳುವ ಅವಸರ ಅರ್ಥವಾಗುತ್ತದೆ. ಆದರೆ ಪ್ರತಿ ಮಳೆಗಾಲಕ್ಕೂ ಬಂಡೆಯೊಂದೇ ಉತ್ತರವಾದದ್ದು ಅರ್ಥವಾಗುವುದಿಲ್ಲ. ಇಲ್ಲಿ ಮಾಲ್ಡೀವ್ಸ್‌ನಲ್ಲಿ ಬೆಳಕು ಹರಿಯುವ ಮೊದಲೇ ಕುಂಟೆಯಂಥ ಸಲಕರಣೆ ಹಿಡಿದು ದಡ ಕೆರೆಯುತ್ತಾರೆ, ಒಣಗಿದ ಎಲೆ ಹೆಕ್ಕುತ್ತಾರೆ, ಕೊಚ್ಚಿಹೋದ ಮರಳನ್ನು ಪಂಪ್ ಹಚ್ಚಿ ಹಿಂದಕ್ಕೆ ತರುತ್ತಾರೆ.

ಒಪ್ಪಿಕೊಳ್ಳಬೇಕಾದದ್ದೂ ಇದೆ. ಮರಳು ಪಂಪ್ ಮಾಡುವಾಗ ಏಳುವ ಕೆಸರು ಹವಳದ ಮೇಲೆ ಕೂತು ಅದನ್ನೇ ಕೊಲ್ಲಬಹುದು. ದಡ ಕೆರೆಯುವವರಲ್ಲಿ ಅನೇಕರು ಬಾಂಗ್ಲಾದೇಶದಿಂದ ಬಂದವರು. ಸಂಜೆ ಆ ದಡದಲ್ಲಿ ಕೂರುವ ಅವಕಾಶ ಬಹುತೇಕ ಕಡೆ ಅವರಿಗಿಲ್ಲ. ಪಕ್ಕದ ದ್ವೀಪದ ಹುಡುಗ ಕೂಡ ಮುಂಚಿತವಾಗಿ ಹೇಳದೆ, ಹಣ ಕಟ್ಟದೆ ಇಲ್ಲಿಗೆ ಕಾಲಿಡುವಂತಿಲ್ಲ. ಇತ್ತ ನಮ್ಮಲ್ಲಿ ಪಡುಬಿದ್ರಿ, ಹೊನ್ನಾವರದ ಕಾಸರಕೋಡು ದಡಗಳಿಗೆ 2020ರಲ್ಲೇ ಬ್ಲೂ ಫ್ಲ್ಯಾಗ್ ಎಂಬ, ಚೊಕ್ಕ ದಡಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ, ಅಂದರೆ ಮನಸ್ಸು ಮಾಡಿದರೆ ದಡ ನೋಡಿಕೊಳ್ಳಲು ನಮಗೂ ಬರುತ್ತದೆ.

ದಡದಲ್ಲಿ ನಿಂತು ಕೈಯಲ್ಲೇ ಎಳೆಯುವ ಮೀನುಬಲೆ ಕೈರಂಪಣಿ; ಅದನ್ನು ಎಳೆಯುವ ಹೊತ್ತಿಗೆ ನಮ್ಮ ದಡಕ್ಕೆ ಹೋಗಿ ಹಗ್ಗಕ್ಕೆ ಕೈ ಹಚ್ಚಿದರೆ ಯಾವ ಕೋಣೆಯವರು ಎಂದು ಯಾರೂ ಕೇಳುವುದಿಲ್ಲ. ಆದರೆ ಎರಡು ಸಾಲು ಜನ ಹಗ್ಗ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆಯಲು ಅಗಲದ ಹೊಯ್ಗೆ ಬೇಕು. ಬಂಡೆ ಸುರಿದ ದಡದಲ್ಲಿ ರಂಪಣಿ ಎಳೆಯಲು ಬರುವುದಿಲ್ಲ, ದೋಣಿಯನ್ನೂ ಮೇಲಕ್ಕೆ ತರಲಾಗುವುದಿಲ್ಲ.