ಊರು ಮುಚ್ಚೋಕೆ ನಾಲ್ಕು ಗಂಟೆ ಸಾಕು, ತೆರೆಯೋದು ಹೇಗೆ ಅಂತ ಯಾರು ಬರೆದಿಟ್ಟಿದ್ದಾರೆ?

ನಮ್ಮ ದಾವಣಗೆರೆಯಲ್ಲಿ ರೋಗ ಬಂದರೂ ಗಲಾಟೆ ಆದರೂ ಊರು ಮುಚ್ಚುವ ಸಾಮಾನು ಒಂದೇ: ಬ್ಯಾರಿಕೇಡ್, ನಿಷೇಧಾಜ್ಞೆ, ಮೈಕ್ ಕಟ್ಟಿದ ಆಟೋ, ಎಳೆದ ಷಟರ್. 2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಘೋಷಣೆಯಾದ ಲಾಕ್‌ಡೌನ್ ಮಧ್ಯರಾತ್ರಿಗೆ ಜಾರಿಯಾಯಿತು. 2022ರ ಫೆಬ್ರವರಿ 8ರಂದು ಹಿಜಾಬ್ ವಿವಾದದಲ್ಲಿ ಹರಿಹರದಲ್ಲಿ ಕಲ್ಲು ಬಿದ್ದಾಗ ಹರಿಹರಕ್ಕೂ ದಾವಣಗೆರೆಗೂ ಅಷ್ಟೇ ಬೇಗ 144ನೇ ಕಲಂನ ನಿಷೇಧಾಜ್ಞೆ ಬಂತು. ಮುಚ್ಚುವ ಕೆಲಸದಲ್ಲಿ ಆಡಳಿತಕ್ಕೂ ಜನಕ್ಕೂ ಕೈ ಪಳಗಿದೆ. ಯಾವುದನ್ನು ಮೊದಲು ತೆರೆಯಬೇಕು, ಯಾರು ನಿಂತು ತೆರೆಯಬೇಕು, ತೆರೆದ ಮೇಲೆ ಮೊದಲ ವಾರ ಏನು ನೋಡಿಕೊಳ್ಳಬೇಕು ಅನ್ನೋದಕ್ಕೆ ಮಾತ್ರ ನಮ್ಮಲ್ಲಿ ಒಂದು ಹಾಳೆಯೂ ಇಲ್ಲ. ಊರಿನ ಬಾಳು ಕೆಡುವುದು ಹೆಚ್ಚಾಗಿ ಈ ತೆರೆಯುವ ಹೊತ್ತಿನಲ್ಲೇ ಅಂತ ನನ್ನ ಖಚಿತ ಅಭಿಪ್ರಾಯ.

ಕೋವಿಡ್ ಕಾಲದಲ್ಲಿ ನಮ್ಮ ರಾಜ್ಯ ತೆರೆದುಕೊಂಡ ಸರದಿ ನೋಡಿ. ಮದ್ಯದಂಗಡಿ 2020ರ ಮೇ 4ಕ್ಕೆ. ದೇವಸ್ಥಾನ, ಮಸೀದಿ, ಚರ್ಚು ಜೂನ್ 8ಕ್ಕೆ. ಒಂದರಿಂದ ಐದನೇ ತರಗತಿ 2021ರ ಅಕ್ಟೋಬರ್ 25ಕ್ಕೆ. ಅಂಗನವಾಡಿ ಅದೂ ಆದ ಮೇಲೆ, ನವೆಂಬರ್‌ನಲ್ಲಿ. 2020ರ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಗು ಸರಿಯಾಗಿ ಬೆಂಚಿನ ಮೇಲೆ ಕೂತಾಗ ಎರಡನೇ ಕ್ಲಾಸಿನ ಅರ್ಧ ವರ್ಷ ಕಳೆದಿತ್ತು. ನಡುವೆ ವಿದ್ಯಾಗಮ ಅಂತ ಮೇಷ್ಟ್ರುಗಳು ಗುಡಿ ಕಟ್ಟೆ, ಮರದ ನೆರಳಲ್ಲಿ ಪಾಠ ಮಾಡಿದರು, ಅದೂ ಕೆಲವು ತಿಂಗಳಿಗೆ ನಿಂತಿತು. ಖಜಾನೆಗೆ ದುಡ್ಡು ಬೇಕಿತ್ತು, ಒಪ್ಪೋಣ. ಆದರೂ ಈ ಸರದಿ ತಪ್ಪು ಸರದಿ. ಕಿರಿಯ ಮಕ್ಕಳಿಗೆ ಬೇರೆ ಕೇರಿಯ ಮಕ್ಕಳ ಮುಖ ನೋಡುವ ಜಾಗ ಅಂತ ಇರೋದು ಶಾಲೆಯೊಂದೇ. ಅದು ಕೊನೆಗೆ ತೆರೆಯಿತು. ನಾಲ್ಕು ತಿಂಗಳೂ ಆಗಿರಲಿಲ್ಲ, 2022ರ ಫೆಬ್ರವರಿಯಲ್ಲಿ ಹೈಸ್ಕೂಲು, ಕಾಲೇಜುಗಳಿಗೆ ಮತ್ತೆ ಬೀಗ ಬಿತ್ತು, ಈ ಸಲ ಮಕ್ಕಳೇ ಎರಡು ಗುಂಪಾಗಿ ಗೇಟಿನ ಮುಂದೆ ನಿಂತಿದ್ದರು. ಎರಡು ವರ್ಷದಲ್ಲಿ ಬಹುಪಾಲು ಒಟ್ಟಿಗೆ ಕೂರದೆ ಮೊಬೈಲ್ ಪರದೆಯಲ್ಲೇ ಬೆಳೆದ ವಯಸ್ಸು ಅದು. ಆ ಗುಂಪುಗಾರಿಕೆಗೆ ಈ ಅಂತರವೂ ಒಂದು ಕಾರಣ ಅಂತ ನಾನು ನಂಬುತ್ತೇನೆ.

ಹಿಂದಿನವರಿಗೆ ತೆರೆಯುವ ಕ್ರಮ ಗೊತ್ತಿತ್ತು. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಬಂತು, ಮುಂದೆ ದಶಕಗಟ್ಟಲೆ ಅಲೆಯಲೆಯಾಗಿ ಮರಳಿತು. ಬೆಂಗಳೂರಿನಲ್ಲಿ ಅದೇ ವರ್ಷ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳಿಗೆ ಕೈ ಹಾಕಿದರು. ಆಗಿನ ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಂಥ ಕಡೆ ಬಡಾವಣೆ ಕಟ್ಟುವವರು ಯಾರು? ಅಲ್ಲಿ ನಡೆದದ್ದು ಊರು ಬಿಡುವ ಪದ್ಧತಿ. ಮನೆಯಲ್ಲಿ ಇಲಿ ಸತ್ತು ಬಿತ್ತು ಅಂದರೆ ಅದೇ ಸೂಚನೆ. ಜನ ಬೀಗ ಹಾಕಿ ಹೊಲ, ತೋಪುಗಳಿಗೆ ಹೋಗಿ ಜೋಳದ ದಂಟು, ತೆಂಗಿನ ಗರಿಯ ಗುಡಿಸಲು ಹಾಕಿಕೊಳ್ಳುತ್ತಿದ್ದರು.

ಇದು ಬರೀ ಹೆದರಿಕೆಯ ಓಟವಾಗಿರಲಿಲ್ಲ, ಕೆಲಸ ಮಾಡುವ ಉಪಾಯವಾಗಿತ್ತು. ಪ್ಲೇಗ್ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ. ಇಲಿ ಸತ್ತು ಮೈ ತಣ್ಣಗಾದರೆ ಚಿಗಟ ಹಸಿದು ಮನುಷ್ಯನ ಮೇಲೆ ಏರುತ್ತದೆ. ಮನೆಯಲ್ಲಿ ಇಲಿಯೂ ಇಲ್ಲ, ಮನುಷ್ಯನೂ ಇಲ್ಲ ಅಂದರೆ ಅದಕ್ಕೆ ರಕ್ತ ಸಿಗದು. ಒಣ ಬಿಸಿಲು ಅದನ್ನು ಬೇಗ ಕೊಲ್ಲುತ್ತದೆ. ಅದಕ್ಕೇ ಹೆಂಚಿನ ಮನೆಯಾದರೆ ಹೆಂಚು ಇಳಿಸಿ ಒಳಗೆ ಬಿಸಿಲು ಬೀಳಿಸುತ್ತಿದ್ದರು. ನಮ್ಮ ಬಯಲುಸೀಮೆಯ ಮಣ್ಣಿನ ಮಾಳಿಗೆಗೆ ಆ ಅನುಕೂಲ ಇಲ್ಲ, ಗವಾಕ್ಷಿಯಿಂದ ಎಷ್ಟು ಬೆಳಕು ಬಿದ್ದರೆ ಅಷ್ಟು. ಆಮೇಲೆ ಕಸ ಸುಡುವುದು, ಬಿಲ ಮುಚ್ಚುವುದು, ನೆಲ ಸಾರಿಸಿ ಗೋಡೆಗೆ ಸುಣ್ಣ ಹೊಡೆಯುವುದು. ಇಷ್ಟೂ ಆದ ಮೇಲೆ ಊರಿಗೆ ಊರೇ ವಾಪಸು.

ಕೆಟ್ಟದ್ದು ಎಲ್ಲಿ ಅಂದರೆ, ಕಾಳಿನಲ್ಲಿ. ಹಗೇವಿನಲ್ಲೋ ವಾಡೆಯಲ್ಲೋ ಜೋಳ ಬಿಟ್ಟು ಬಂದವರು ಹೊಟ್ಟೆಪಾಡಿಗೆ ರಾತ್ರಿ ಊರೊಳಗೆ ಹೋಗಿ ಚೀಲ ಹೊತ್ತು ತಂದರೆ, ಚೀಲದ ಜೊತೆ, ಕಂಬಳಿಯ ಮಡಿಕೆಯ ಜೊತೆ ಚಿಗಟವೂ ಗುಡಿಸಲಿಗೆ ಬರುತ್ತಿತ್ತು. ಅನ್ನದ ವ್ಯವಸ್ಥೆ ಇಲ್ಲದ ದಿಗ್ಬಂಧನ ಸೋಲುತ್ತದೆ ಅನ್ನೋದು ನೂರಿಪ್ಪತ್ತು ವರ್ಷ ಹಿಂದೆಯೇ ಗೊತ್ತಾದ ಸಂಗತಿ. ಇನ್ನೊಂದನ್ನೂ ಹೇಳಬೇಕು: ತೋಪಿನಲ್ಲೂ ಗುಡಿಸಲುಗಳು ಕೇರಿ ಕೇರಿಯಾಗಿಯೇ ಎದ್ದವು. ರೋಗ ಜಾತಿ ನೋಡಲಿಲ್ಲ, ಗುಡಿಸಲು ನೋಡಿದವು. ಹಾಗಾಗಿ ಆ ಕಾಲವನ್ನು ಹೊಗಳುವ ಆಸೆ ನನಗಿಲ್ಲ. ಹೋಗುವುದಕ್ಕೂ ಬರುವುದಕ್ಕೂ ಎಲ್ಲರಿಗೂ ಗೊತ್ತಿದ್ದ ಒಂದು ಕ್ರಮ ಇತ್ತು, ಅಷ್ಟನ್ನು ಎತ್ತಿಕೊಳ್ಳುತ್ತೇನೆ.

2020ರಲ್ಲಿ ಹಳ್ಳಿಗಳು ಮಾಡಿದ್ದು ಇದರ ತಿರುವುಮುರುವು. ಊರ ಬಾಗಿಲಿಗೆ ಜಾಲಿ ಮುಳ್ಳು, ಕೆಲವು ಕಡೆ ಜೆಸಿಬಿಯಿಂದ ರಸ್ತೆಗೇ ಅಡ್ಡ ಗುಂಡಿ. ಗುಂಡಿ ವೈರಸ್ ತಡೆಯಲಿಲ್ಲ, ಹೆರಿಗೆ ನೋವಿನವರ ಗಾಡಿ ತಡೆಯಿತು, ಈರುಳ್ಳಿ ಲೋಡು ತಡೆಯಿತು. ಮುಳ್ಳು ಎಳೆದು ಹಾಕಲು ಒಬ್ಬ ಸಾಕು. ಗುಂಡಿ ಮುಚ್ಚೋಕೆ ಟ್ರ್ಯಾಕ್ಟರ್ ಮಣ್ಣು, ಬಾಡಿಗೆ, ಯಾರು ಕೊಡಬೇಕು ಅನ್ನುವ ಜಗಳ.

ಪೇಟೆಯಲ್ಲಿ ಸೀಲ್‌ಡೌನ್. ತಗಡಿನ ಶೀಟು, ಸರ್ವೆ ಕಂಬ. ಕೊನೆಯ ಪ್ರಕರಣದಿಂದ 28 ದಿನ ಅಂತ ಮೊದಲು, 14 ದಿನ ಅಂತ ಆಮೇಲೆ. ಲೆಕ್ಕ ಮುಗಿದ ದಿನ ಶೀಟು ಬಿಚ್ಚಿ ಲಾರಿಗೆ ಹಾಕಿಕೊಂಡು ಹೋದರು, ಅಲ್ಲಿಗೆ ಸರ್ಕಾರದ ಕೆಲಸ ಮುಗಿಯಿತು. ಬಡಾವಣೆಯ ಹೆಸರು ಮಾತ್ರ ಜನರ ಬಾಯಲ್ಲಿ ಸೀಲ್ ಆಗಿಯೇ ಉಳಿಯಿತು. ದಾವಣಗೆರೆಯ ಆ ಬಡಾವಣೆಗಳ ಹೆಸರನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಆ ವಿಳಾಸ ಹೇಳಿದರೆ ಮನೆಗೆಲಸ ಸಿಗದು, ಆಟೋ ಬರದು. ಕ್ವಾರಂಟೈನ್‌ನಲ್ಲಿದ್ದವರ ವಿಳಾಸದ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸಿತು, ಬಾಗಿಲಿಗೆ ಚೀಟಿ ಅಂಟಿಸಿತು. ಅಧಿಕಾರಿಯ ನಿರ್ದಿಷ್ಟ ಆದೇಶವಿಲ್ಲದೆ ಮನೆಗಳ ಮುಂದೆ ಹೀಗೆ ಅಂಟಿಸುವುದಕ್ಕೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2020ರ ಡಿಸೆಂಬರ್‌ನಲ್ಲಿ. ಶೀಟು ಬಿಚ್ಚುವ ದಿನ ಡಿಸಿ, ಕಾರ್ಪೊರೇಟರ್, ಆಶಾ ಕಾರ್ಯಕರ್ತೆ ಮೂವರೂ ಆ ಓಣಿಯಲ್ಲಿ ನಿಂತು, ಅಲ್ಲಿನ ಅಂಗಡಿಯಲ್ಲೇ ಚಹಾ ಕುಡಿದು, "ಇಲ್ಲಿ ಈಗ ರೋಗ ಇಲ್ಲ" ಅಂತ ಅದೇ ಮೈಕಿನಲ್ಲಿ ಊರಿಗೆಲ್ಲ ಹೇಳಬೇಕಿತ್ತು. ರೋಗ ಇದೆ ಅಂತ ಸಾರಿದ ಆಟೋ ರೋಗ ಹೋಯ್ತು ಅಂತಲೂ ಸಾರಲಿ. ಇದಕ್ಕೆ ಬೇಕಾಗುವುದು ಒಂದು ಗಂಟೆಯ ಡೀಸೆಲ್.

ಆಶಾ ಅಕ್ಕಂದಿರ ಮಾತು ಬಂತು. ಪ್ರತಿ ಮನೆಯಲ್ಲಿ ಎಷ್ಟು ಜನ, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಬಾಣಂತಿ ಅಂತ ಗೊತ್ತಿದ್ದದ್ದು ಅವರಿಗೆ. 2020ರ ಜುಲೈನಲ್ಲಿ ಅವರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಮಾಡಬೇಕಾಯಿತು. ಗಲಾಟೆಯಾದ ಓಣಿಗೆ ಮರುದಿನ ಮೊದಲು ಕಾಲಿಡಬಲ್ಲವರೂ ಅವರೇ. ಆದರೆ ಠಾಣೆಯ ಶಾಂತಿ ಸಭೆಗೆ ಅವರನ್ನು ಕರೆಯುವುದಿಲ್ಲ.

ಇನ್ನು ಹೊಟ್ಟೆಪಾಡು. 2021ರ ಎರಡನೇ ಅಲೆಯಲ್ಲಿ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಖರೀದಿ. ದಿನಕ್ಕೆ 1,200 ಗಿರಾಕಿ ಬರುವ ತರಕಾರಿ ಮಾರುಕಟ್ಟೆ ಅಂದುಕೊಳ್ಳಿ. 12 ಗಂಟೆ ತೆರೆದಿದ್ದರೆ ಗಂಟೆಗೆ 100 ಜನ. 4 ಗಂಟೆಗೆ ಕುಗ್ಗಿಸಿದರೆ ಗಂಟೆಗೆ 300. ಗಾಳಿಯಲ್ಲಿ ಹರಡುವ ರೋಗಕ್ಕೆ ಮೂರು ಪಟ್ಟು ಜನರನ್ನು ಒತ್ತಿ ಕೊಟ್ಟ ಹಾಗಾಯಿತು. ಮಾಡಬೇಕಿದ್ದದ್ದು ಹೊತ್ತು ಹಿಗ್ಗಿಸಿ, ವ್ಯಾಪಾರವನ್ನು ಮೈದಾನಕ್ಕೆ ತರುವುದು. ಮೈದಾನಕ್ಕೆ ತಂದ ಕಡೆ ಸುಧಾರಿಸಿತು ಕೂಡ. ಗಲಭೆಯ ಕರ್ಫ್ಯೂ ಸಡಿಲಿಸುವಾಗಲೂ ಇದೇ ತಪ್ಪು: ಎರಡು ಗಂಟೆ ಬಿಟ್ಟರೆ ಹೆದರಿದ ಎರಡೂ ಕೇರಿಯವರು ಒಂದೇ ಗಲ್ಲಿಯಲ್ಲಿ ನೂಕಾಡುತ್ತಾರೆ, ಒಂದು ಭುಜ ತಾಗಿದರೂ ಸಾಕು.

ಮಂಡಕ್ಕಿ ಭಟ್ಟಿ ನೋಡಿದವರಿಗೆ ಇದು ಇನ್ನೂ ಸ್ಪಷ್ಟ. ಭತ್ತ ಮಂಡಿಯಿಂದ ಬರಬೇಕು, ಹಮಾಲರು ಇಳಿಸಬೇಕು, ನೆನೆಹಾಕಿ, ಹುರಿದು, ಒಣಗಿಸಿ, ಗಿರಣಿಗೆ ಹೋಗಿ, ಉಪ್ಪು ಹಿಡಿಸಿ, ಬಿಸಿ ಮರಳಲ್ಲಿ ಅರಳಬೇಕು, ಸಂಜೆಗೆ ಮಿರ್ಚಿ ಗಾಡಿಗೆ ತಲುಪಬೇಕು. ಈ ಸಾಲಿನಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರ ಕೈ ಇದೆ, ಬಹಳಷ್ಟು ಉದ್ರಿ ಮೇಲೆ ನಡೆಯುತ್ತದೆ. ಹೇಳದೇ ಕೇಳದೇ ಮುಚ್ಚಿದರೆ ನೆನೆದ ಭತ್ತ ಹುಳಿಯಾಗಿ ಕೆಡುತ್ತದೆ. ತೆರೆದ ಮೇಲೆ ಹಳೇ ಬಾಕಿಯ ಲೆಕ್ಕ ಎದ್ದು, ಅಲ್ಲಿಯವರೆಗೆ ವ್ಯಾಪಾರಿಗಳಾಗಿದ್ದವರು "ಅವರು", "ಇವರು" ಆಗುತ್ತಾರೆ. ಗಲಾಟೆ ನಂತರ ಎರಡೂ ಕಡೆಯ ಅಂಗಡಿಗಳು ಒಂದೇ ಗಂಟೆಗೆ ಒಟ್ಟಿಗೆ ಷಟರ್ ಎತ್ತಬೇಕು. ಒಂದೇ ಅಂಗಡಿ ತೆರೆದರೆ ಕಲ್ಲಿಗೆ ಗುರಿ ಸಿಗುತ್ತದೆ. ಮೊದಲು ಹಾಲು, ಔಷಧಿ, ನ್ಯಾಯಬೆಲೆ ಅಂಗಡಿ, ಅದರ ಬೆನ್ನಿಗೇ ಮಂಡಿ ಮತ್ತು ಹಮಾಲರ ಕೂಲಿ, ಆಮೇಲೆ ಶಾಲೆ. ಮೆರವಣಿಗೆ, ಸಭೆ ಕೊನೆಗೆ.

ಮೆರವಣಿಗೆ ವಿಷಯ. 2020, 2021ರಲ್ಲಿ ಸಾರ್ವಜನಿಕ ಗಣಪತಿಗೆ 4 ಅಡಿ ಮಿತಿ, ಮೆರವಣಿಗೆ ಇಲ್ಲ. ಮೆರವಣಿಗೆ ಅಂದರೆ ಬರೀ ಡಿಜೆ ಮತ್ತು ಟ್ರ್ಯಾಕ್ಟರ್ ಅಲ್ಲ. ಯಾವ ತಿರುವಿನಲ್ಲಿ ಮುಂದಿನ ಗಾಡಿ ನಿಧಾನಿಸಿದರೆ ಹಿಂದಿನ ಜನ ಒತ್ತುತ್ತಾರೆ, ನಮಾಜಿನ ಹೊತ್ತು ಎಷ್ಟು, ಎಲ್ಲಿಂದ ಎಲ್ಲಿವರೆಗೆ ವಾದ್ಯ ನಿಲ್ಲಬೇಕು ಅಂತ ಗೊತ್ತಿರುವ ಹಿರಿಯರು ಎರಡೂ ಕಡೆ ಇರುತ್ತಾರೆ. ಕೋವಿಡ್‌ನಲ್ಲಿ ಅವರಲ್ಲಿ ಎಷ್ಟೋ ಜನ ತೀರಿಹೋದರು, ಉಳಿದವರನ್ನು ಹೊಸ ಹುಡುಗರು ಕೇಳಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲದ ಗಲಭೆಯ ಬೆನ್ನಿಗೇ ದಾವಣಗೆರೆಯಲ್ಲೂ ಗಣಪತಿ ಮೆರವಣಿಗೆ ವೇಳೆ ಕಲ್ಲುತೂರಾಟವಾಯಿತು. 1990ರ ಅಕ್ಟೋಬರ್‌ನ ಕೋಮುಗಲಭೆ ನೋಡಿದ ಊರಿಗೆ ಇದು ಹೊಸದಲ್ಲ, ಆದರೆ ತಡೆಯಬಹುದಾದದ್ದು. ಹಿಂದಿನ ದಿನವೇ ದಾರಿಯುದ್ದಕ್ಕೂ ಜಲ್ಲಿ, ಇಟ್ಟಿಗೆ ಚೂರು ಎತ್ತಿಸಿ. ಕೆಟ್ಟ ಬೀದಿದೀಪ ಬದಲಿಸಿ. ಇಕ್ಕಟ್ಟಿನ ತಿರುವಿನಲ್ಲಿ ಗಾಡಿ ನಿಲ್ಲದಂತೆ ಎರಡೂ ಕಡೆಯ ಹಿರಿಯರನ್ನು ಒಟ್ಟಿಗೆ ನಿಲ್ಲಿಸಿ. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕೆಂಬ ನಿಯಮ 2000ರಿಂದಲೂ ಇದೆ, ಅದನ್ನು ಎಲ್ಲರಿಗೂ ಒಂದೇ ರೀತಿ ಜಾರಿ ಮಾಡಿ.

ಇದನ್ನೆಲ್ಲ ನೋಡಿಕೊಳ್ಳಲು ಹೊಸ ಸಂಸ್ಥೆ ಬೇಡ. 1976ರ ಪೌರನಿಗಮ ಕಾಯ್ದೆಯಲ್ಲೇ ವಾರ್ಡ್ ಸಮಿತಿ ಇದೆ: ಕಾರ್ಪೊರೇಟರ್ ಅಧ್ಯಕ್ಷತೆ, 10 ಸದಸ್ಯರು, ಅದರಲ್ಲಿ 3 ಮಹಿಳೆಯರು, 2 ಪರಿಶಿಷ್ಟ ಜಾತಿ ಅಥವಾ ಪಂಗಡದವರು, 2 ನಿವಾಸಿ ಸಂಘದವರು. ದಾವಣಗೆರೆಯ 45 ವಾರ್ಡಿನಲ್ಲೂ ಇದು ತಿಂಗಳಿಗೊಮ್ಮೆ ಕೂತರೆ, ರೇಷನ್ ಕಾರ್ಡಿಲ್ಲದ ಕುಟುಂಬ, ಡಯಾಲಿಸಿಸ್‌ಗೆ ಹೋಗುವವರು, ದಿನಗೂಲಿಯವರ ಪಟ್ಟಿ ಮೊದಲೇ ಸಿದ್ಧವಿರುತ್ತದೆ. 2020ರ ಏಪ್ರಿಲ್‌ನಿಂದ ತಲೆಗೆ 5 ಕೆ.ಜಿ. ಉಚಿತ ಧಾನ್ಯ ಬಂತಲ್ಲ, ಅದರ ಹೊರಗೆ ಉಳಿದವರಲ್ಲಿ ಕಾರ್ಡಿಲ್ಲದವರೂ ಇದ್ದರು. ಹಬ್ಬದ ಹಿಂದಿನ ವಾರ ಠಾಣೆಯಲ್ಲಿ ಬಿಸ್ಕತ್ತು ಕೊಟ್ಟು ಮುಗಿಸುವ ಶಾಂತಿ ಸಭೆಯಿಂದ ಈ ಕೆಲಸ ಆಗದು.

ಮುಂದಿನ ಸಲ ನಿಷೇಧಾಜ್ಞೆ ಬಂದಾಗ ವಾಟ್ಸ್ಯಾಪ್ ಮೆಸೇಜು ನಂಬಿ ಕೂರಬೇಡಿ, ಆದೇಶದ ಪ್ರತಿಯನ್ನೇ ಕೇಳಿ. ಹಳೆಯ 144 ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ, 2024ರ ಜುಲೈ 1ರಿಂದ. ಮ್ಯಾಜಿಸ್ಟ್ರೇಟರ ಆದೇಶ 2 ತಿಂಗಳು ಮೀರುವಂತಿಲ್ಲ, ರಾಜ್ಯ ಸರ್ಕಾರ ಬೇಕೆಂದರೆ ಇನ್ನು 6 ತಿಂಗಳವರೆಗೆ ಮುಂದುವರಿಸಬಹುದು. ಯಾವ ಗಡಿ, ಯಾವ ಗಂಟೆ, ಯಾರಿಗೆ ವಿನಾಯಿತಿ ಅಂತ ಓದಿ. ಮೇಲಿಂದ ಮೇಲೆ ಅದೇ ಆದೇಶ ಹೊರಡಿಸುವುದು ಅಧಿಕಾರದ ದುರ್ಬಳಕೆ, ಇಂಟರ್ನೆಟ್ ಕಡಿತದ ಆದೇಶವನ್ನು ಪ್ರಕಟಿಸಲೇಬೇಕು ಅಂತ 2020ರ ಜನವರಿ 10ರಂದು ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದೇಶದಿಂದ ತೊಂದರೆಯಾದ ಯಾರೇ ಆಗಲಿ, ಅದನ್ನು ರದ್ದು ಮಾಡಿ ಅಥವಾ ಬದಲಿಸಿ ಅಂತ ಅರ್ಜಿ ಕೊಡಬಹುದು. ಭಟ್ಟಿ ಮಾಲೀಕ ಕೊಡಬಹುದು, ಹಮಾಲರ ಸಂಘ ಕೊಡಬಹುದು. ಅರ್ಜಿದಾರರನ್ನು ಬೇಗ ಕರೆದು ಕೇಳಬೇಕು, ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು ಅಂತ ಅದೇ ಕಲಂ ಹೇಳುತ್ತದೆ. ಅರ್ಜಿಗೆ ವಕೀಲರು ಬೇಕೆಂದೇನಿಲ್ಲ. ಆದೇಶದ ಸಂಖ್ಯೆ, ದಿನಾಂಕ, ನಿಮ್ಮ ಓಣಿ, ನಿಲ್ಲಬೇಕಾದ ತೊಂದರೆ, ತೆರೆಯಬೇಕೆಂದು ಕೇಳುವ ಹೊತ್ತು ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು, ಡಿಸಿ ಕಚೇರಿಯಲ್ಲಿ ಕೊಟ್ಟು, ಇನ್ನೊಂದು ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಂಡು ಬನ್ನಿ.